ಮೂಳೆ ಕೂಡಿದ ಮೇಲೆ ರಾಡು ತೆಗೆಸಲೇಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮೂರು ತೀರ್ಥಹಳ್ಳಿ ಹತ್ತಿರ. ನಮ್ಮನೆಯವರಿಗೆ 41 ವರ್ಷ, ಅಡಿಕೆ ತೋಟದ ಕೆಲಸ. ಎರಡೂವರೆ ವರ್ಷದ ಹಿಂದೆ ಬೈಕಿನಿಂದ ಬಿದ್ದು ಬಲಗಾಲಿನ ಮೂಳೆ ಮೊಣಕಾಲಿನ ಕೆಳಗೆ ಮುರಿದಿತ್ತು. ಎಡ ಮುಂಗೈಯಲ್ಲಿ ಹೆಬ್ಬೆರಳಿನ ಕಡೆಯ ಮೂಳೆಯೂ ಮುರಿದಿತ್ತು. ಕಾಲಿಗೆ ರಾಡು, ಕೈಗೆ ಪ್ಲೇಟು ಹಾಕಿದ್ದಾರೆ. ಡಿಸ್ಚಾರ್ಜ್ ಪೇಪರಿನಲ್ಲಿ ಎರಡಕ್ಕೂ ಟೈಟಾನಿಯಂ ಎಂದು ಬರೆದಿದೆ. ಈಗ ಚೆನ್ನಾಗಿ ನಡೆಯುತ್ತಾರೆ. ಆದರೆ ಪಾದದ ಗಂಟಿನ ಮೇಲೆ ಒಳಗಡೆ ಸ್ಕ್ರೂ ಕೈಗೆ ಸಿಗುತ್ತದೆ, ಗಂಬೂಟು ಹಾಕಿದರೆ ಅಲ್ಲೇ ಉಜ್ಜಿ ಕೆಂಪಾಗುತ್ತದೆ. ಮಳೆಗಾಲದಲ್ಲಿ ಕಾಲು ಸೆಳೆಯುತ್ತದೆ. ಕುಕ್ಕರುಗಾಲಲ್ಲಿ ಕೂತು ಎದ್ದರೆ ಮೊಣಕಾಲು ಸ್ವಲ್ಪ ನೋವು. ಕೈಯಲ್ಲಿ ಏನೂ ತೊಂದರೆ ಇಲ್ಲ. ಆಪರೇಷನ್ ಮಾಡಿದ ಡಾಕ್ಟರು "ಇರಲಿ ಬಿಡಿ" ಎಂದರು. ಇನ್ನೊಬ್ಬರು "ಎರಡೂ ಒಟ್ಟಿಗೆ ತೆಗೆದುಬಿಡೋಣ, 60 ಸಾವಿರ ಆಗುತ್ತದೆ" ಎಂದರು. ಒಳಗೇ ತುಕ್ಕು ಹಿಡಿದು ರಕ್ತ ಕೆಡುತ್ತದೆ ಎಂದು ನಮ್ಮತ್ತೆಗೆ ಭಯ. ಸಿಡಿಲು ಎಳೆಯುತ್ತದೆ, ಮುಂದೆ ಎಂ.ಆರ್.ಐ. ಮಾಡಿಸೋಕೂ ಆಗಲ್ಲ ಎಂದು ಭಾವ ಹೇಳುತ್ತಾರೆ. ಪಕ್ಕದ ಮನೆಯವರು ಪುತ್ತೂರು ಕಟ್ಟು ಹಾಕಿಸಿ ಅಂತಾರೆ. ಏನು ಮಾಡೋದು?

ಉತ್ತರ: ಇವತ್ತು ಬೆಳಿಗ್ಗೆ ಓ.ಪಿ.ಡಿ.ಯಲ್ಲಿ ಇದೇ ಪ್ರಶ್ನೆಗೆ ಮೂರು ಸಲ ಉತ್ತರ ಹೇಳಿ ಬಂದು ಕೂತಿದ್ದೆ, ನಿಮ್ಮ ಪತ್ರ ತೆರೆದರೆ ಅಲ್ಲೂ ಅದೇ. ಮೂಳೆ ಡಾಕ್ಟರಾಗಿ 22 ವರ್ಷ ಆಯಿತು. ರಾಡು ಹಾಕಬೇಕು ಎಂದಾಕ್ಷಣ ಮನೆಯವರು ಕೇಳುವ ಮೊದಲ ಪ್ರಶ್ನೆ "ಎಷ್ಟಾಗುತ್ತೆ", ಎರಡನೆಯದು "ಯಾವಾಗ ತೆಗೀತೀರಿ". ಹಾಕಿದ್ದನ್ನು ತೆಗೆಯಲೇಬೇಕು, ಅಲ್ಲಿಗೆ ಲೆಕ್ಕ ಚುಕ್ತಾ ಎಂಬ ಭಾವನೆ ನಮ್ಮ ಜನರಲ್ಲಿ ಗಟ್ಟಿಯಾಗಿ ಕೂತಿದೆ. ಹೊಲಿಗೆ ಹಾಕಿದರೆ ಬಿಚ್ಚುತ್ತಾರೆ, ಸಿಮೆಂಟ್ ಪಟ್ಟಿ ಕಟ್ಟಿದರೆ ಬಿಚ್ಚುತ್ತಾರೆ, ರಾಡು ಮಾತ್ರ ಯಾಕೆ ಬಿಡಬೇಕು ಅಂತ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಪಾದದ ಗಂಟಿನ ಹತ್ತಿರದ ಸ್ಕ್ರೂಗಳನ್ನು ತೆಗೆಸಬಹುದು. ರಾಡಿನ ವಿಷಯ ಯೋಚನೆ ಮಾಡಬೇಕಾದ್ದು, ಅವಸರ ಇಲ್ಲ. ಕೈಯ ಪ್ಲೇಟು ಮಾತ್ರ ಮುಟ್ಟಿಸಬೇಡಿ. ಎಕ್ಸ್-ರೇ ನೋಡದೆ ಹೇಳುತ್ತಿದ್ದೇನೆ ಅನ್ನುವುದು ನೆನಪಿರಲಿ. ಮೂಳೆ ಪೂರ್ತಿ ಕೂಡಿದೆ ಎಂದು ಎರಡೂ ಕಡೆಯಿಂದ ತೆಗೆದ ಎಕ್ಸ್-ರೇಯಲ್ಲಿ ಖಾತ್ರಿಯಾದ ಮೇಲೇ ಈ ಮಾತೆಲ್ಲ.

ಈಗ ನಿಮ್ಮತ್ತೆಯ ತುಕ್ಕಿನ ಭಯ. ಅದನ್ನು ನಾನು ತಳ್ಳಿಹಾಕುವುದಿಲ್ಲ, ಯಾಕೆಂದರೆ ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು. 1895ರ ಸುಮಾರಿಗೆ ಲಂಡನ್ನಿನಲ್ಲಿ ಆರ್ಬತ್ನಾಟ್ ಲೇನ್ ಎಂಬ ಸರ್ಜನ್ ಮುರಿದ ಮೂಳೆಗೆ ಉಕ್ಕಿನ ಪ್ಲೇಟು ಕೂರಿಸತೊಡಗಿದರು. ಕೈಚಳಕಕ್ಕೆ ಹೆಸರಾದವರು. ಆದರೆ ಅವರ ಪ್ಲೇಟುಗಳು ಮೈಯೊಳಗೆ ಸವೆದು ತುಕ್ಕು ಹಿಡಿಯುತ್ತಿದ್ದವು. ಕಾರಣ ಸರಳ. ನಮ್ಮ ಮೈಯೊಳಗಿನ ನೀರು ಉಪ್ಪುನೀರು, ಗ್ಲೂಕೋಸ್ ಬಾಟಲಿಯ ಪಕ್ಕದಲ್ಲಿ ನೇತಾಡುವ ಸಲೈನ್ ಇದೆಯಲ್ಲ, 0.9 ಪರ್ಸೆಂಟು, ಹತ್ತಿರಹತ್ತಿರ ಅಷ್ಟೇ ಉಪ್ಪು. ಉಪ್ಪಿನಕಾಯಿಯನ್ನು ನಿಮ್ಮತ್ತೆ ಸ್ಟೀಲ್ ಡಬ್ಬಿಗೆ ಹಾಕುತ್ತಾರಾ? ಪಿಂಗಾಣಿ ಜಾಡಿಗೇ ಹಾಕುತ್ತಾರೆ. ಉಪ್ಪು ಸ್ಟೀಲನ್ನು ಚುಕ್ಕೆಚುಕ್ಕೆಯಾಗಿ ತಿನ್ನುತ್ತದೆ ಎಂದು ಅವರಿಗೆ ಯಾವ ಡಾಕ್ಟರೂ ಹೇಳಿಕೊಡಬೇಕಾಗಿಲ್ಲ.

ಹಾಗಾಗಿ ಮೂಳೆಗೆ ಹಾಕುವ ಸ್ಟೀಲು ಅಡುಗೆಮನೆ ಸ್ಟೀಲಲ್ಲ. ಅದಕ್ಕೆ 316ಎಲ್ ಎಂದು ಹೆಸರು. ನೂರಕ್ಕೆ 17ರಿಂದ 19 ಭಾಗ ಕ್ರೋಮಿಯಂ, 13ರಿಂದ 15 ಭಾಗ ನಿಕ್ಕಲ್, ಜೊತೆಗೆ ಉಪ್ಪಿನ ಏಟು ತಡೆಯಲಿಕ್ಕೆ ಅಂತಲೇ ಎರಡೂವರೆ ಭಾಗದಷ್ಟು ಮಾಲಿಬ್ಡಿನಂ. ಕ್ರೋಮಿಯಂ ಇದ್ದಲ್ಲಿ ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆ ಕಟ್ಟಿಕೊಳ್ಳುತ್ತದೆ, ಗೀರಿದರೂ ತಾನಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ನಿಮ್ಮ ಯಜಮಾನರಿಗೆ ಹಾಕಿರುವುದು ಇದಕ್ಕಿಂತಲೂ ಒಂದು ಕೈ ಮೇಲು. ಟೈಟಾನಿಯಂ ಜೊತೆ 6 ಭಾಗ ಅಲ್ಯುಮಿನಿಯಂ, 4 ಭಾಗ ವೆನೇಡಿಯಂ ಬೆರೆಸಿ ಮಾಡಿದ ಲೋಹವೇ ಇಂಥ ಕೆಲಸಕ್ಕೆ ಜಾಸ್ತಿ ಬಳಕೆಯಲ್ಲಿರುವುದು. ತುಕ್ಕು ಅಂದರೆ ಕಬ್ಬಿಣಕ್ಕೆ ಬರುವ ರೋಗ. ಟೈಟಾನಿಯಂಗೆ ಅದು ಬರುವುದಿಲ್ಲ. ರಕ್ತ ಕೆಡುವ ಮಾತೂ ಇಲ್ಲ.

ಆದರೂ ಒಂದು ಮಾತು ಮುಚ್ಚಿಡಬಾರದು. ಪ್ಲೇಟು ತೆಗೆಯುವಾಗ ಅದರ ಕೆಳಗಿನ ಮಾಂಸ ಬೂದು ಬಣ್ಣಕ್ಕೋ ಕಪ್ಪಿಗೋ ತಿರುಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸ್ಕ್ರೂ ತಲೆ ಮತ್ತು ಪ್ಲೇಟಿನ ರಂಧ್ರ ಒಂದಕ್ಕೊಂದು ಉಜ್ಜಿ ಉದುರಿದ ಲೋಹದ ಪುಡಿ ಅದು. ಟೈಟಾನಿಯಂನಲ್ಲೂ ಆಗುತ್ತದೆ. ಹೊರಗೆ ನಿಂತಿದ್ದ ಮನೆಯವರಿಗೆ ಯಾರೋ ಓ.ಟಿ. ಹುಡುಗ "ಒಳಗೆಲ್ಲ ಕಪ್ಪಾಗಿತ್ತು" ಎಂದರೆ ಮುಗಿಯಿತು, ಊರಿಗೆಲ್ಲ ತುಕ್ಕಿನ ಕಥೆ ಹಬ್ಬುತ್ತದೆ. ಹೆಚ್ಚಿನವರಿಗೆ ಆ ಕಪ್ಪಿನಿಂದ ಏನೂ ಆಗುವುದಿಲ್ಲ. ಸ್ಟೀಲಿನಲ್ಲಿ ನಿಕ್ಕಲ್ ಇರುವುದರಿಂದ, ನಕಲಿ ಕಿವಿಯೋಲೆ ಅಥವಾ ವಾಚಿನ ಪಟ್ಟಿ ಹಾಕಿದರೆ ತುರಿಕೆ ಬರುವವರು ಆಪರೇಷನ್ ಮೊದಲೇ ಡಾಕ್ಟರಿಗೆ ಹೇಳಬೇಕು. ಮೂಳೆಗೆ ಹಾಕಿದ್ದರಿಂದ ನಿಜವಾಗಿ ಅಲರ್ಜಿ ಆಗುವುದು ಅಪರೂಪ, ಆದರೂ ಹೇಳುವುದಕ್ಕೇನು ಖರ್ಚು?

ಸಿಡಿಲಿನ ವಿಷಯ. ನಿಮ್ಮ ಭಾವ ಹೇಳಿದ ಕಾರಣ ತಪ್ಪು, ಸಿಡಿಲಿನ ಭಯ ಮಾತ್ರ ಸರಿ. ಮೈಯೊಳಗಿನ ಒಂದಡಿ ರಾಡು ಸಿಡಿಲನ್ನು ಎಳೆಯುವುದಿಲ್ಲ. ಸಿಡಿಲು ನೋಡುವುದು ಸುತ್ತಲಲ್ಲಿ ಯಾವುದು ಎತ್ತರ ಇದೆ ಅಂತ. ಅಡಿಕೆ ತೋಟದಲ್ಲಿ ಅಷ್ಟೆತ್ತರದ ಮರಗಳ ನಡುವೆ, ಕೈಯಲ್ಲಿ ದೋಟಿ ಹಿಡಿದು ನಿಂತವನಿಗೆ ರಾಡು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗುಡುಗು ಕೇಳಿದರೆ ಎಲ್ಲರೂ ಮನೆ ಸೇರಬೇಕು, ನಿಮ್ಮ ಭಾವನೂ.

ಎಂ.ಆರ್.ಐ. ಬಗ್ಗೆ. ಟೈಟಾನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ. 316ಎಲ್ ಸ್ಟೀಲು ಕೂಡ ಅಂಟುವ ಜಾತಿಯದಲ್ಲ. ಸೊಂಟದ್ದೋ ತಲೆಯದ್ದೋ ಸ್ಕ್ಯಾನ್ ಮಾಡಬೇಕಾದರೆ ಕಾಲಿನ ರಾಡು ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಅದೇ ಕಾಲನ್ನು ಸ್ಕ್ಯಾನ್ ಮಾಡಿದರೆ ರಾಡಿನ ಸುತ್ತ ಚಿತ್ರ ಕೆಡುತ್ತದೆ, ನೀರಿನಲ್ಲಿ ಕಲ್ಲು ಹಾಕಿದ ಹಾಗೆ ಕಲಕಿ ಕಾಣುತ್ತದೆ. ಲೋಹದ ಹತ್ತಿರ ಸ್ವಲ್ಪ ಬಿಸಿಯಾಗುವ ಸಾಧ್ಯತೆಯೂ ಇದೆ, ಅದಕ್ಕೇ ಒಳಗೆ ಹೋಗುವಾಗ ಕೈಗೆ ಒಂದು ರಬ್ಬರ್ ಬಲ್ಬು ಕೊಡುತ್ತಾರೆ, ಬಿಸಿ ಅನ್ನಿಸಿದರೆ ಅದುಮಬೇಕು. ಒಳಗೆ ಏನಿದೆ ಎಂದು ಮೊದಲೇ ಹೇಳಿ, ಡಿಸ್ಚಾರ್ಜ್ ಪೇಪರು ತೋರಿಸಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರ ಕಥೆ ಬೇರೆ, ಅದು ಕರೆಂಟಿನ ಯಂತ್ರ, ಅದರ ಜೊತೆ ಇದನ್ನು ಕಲಸಿಕೊಂಡೇ ಈ ಭಯ ಹುಟ್ಟಿರುವುದು. ಏರ್‌ಪೋರ್ಟಿನಲ್ಲಿ ಬಾಗಿಲು ಕಿಂಯ್ ಅನ್ನಬಹುದು. ಕಲೆ ತೋರಿಸಿ ಹೇಳಿದರೆ ಕೈಯಂತ್ರದಲ್ಲಿ ನೋಡಿ ಬಿಡುತ್ತಾರೆ, ಅದಕ್ಕೇನು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಮಳೆಗಾಲದ ಸೆಳೆತ ಸುಳ್ಳಲ್ಲ. ಆದರೆ ಅದು ರಾಡಿನದ್ದೇ ತಪ್ಪು ಅಂತ ಹೇಳಲಾರೆ. ಬರೀ ಸಿಮೆಂಟ್ ಪಟ್ಟಿಯಲ್ಲಿ ವಾಸಿಯಾದವರೂ, ಒಳಗೆ ಒಂದು ಮೊಳೆಯೂ ಇಲ್ಲದವರೂ, ಜುಲೈ ತಿಂಗಳಲ್ಲಿ ಇದೇ ಮಾತು ಹೇಳಿಕೊಂಡು ಬರುತ್ತಾರೆ. ಪೆಟ್ಟು ಬಿದ್ದ ಜಾಗದ ಮಾಂಸ, ನರ, ಚರ್ಮ ಮೊದಲಿನಂತೆ ಇರುವುದಿಲ್ಲ. ರಾಡು ತೆಗೆಸಿದರೆ ಮಳೆಗಾಲದ ನೋವು ಹೋಗುತ್ತದೆ ಎಂದು ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ.

ಇನ್ನು ಪುತ್ತೂರು ಕಟ್ಟು. ಮೂಳೆ ಕೂಡಿ ಎರಡು ವರ್ಷ ಆದ ಮೇಲೆ ಕಟ್ಟು ಕಟ್ಟಿ ಏನನ್ನು ಕೂಡಿಸುವುದು? ಸುಮ್ನೆ ಎಣ್ಣೆ ಸವರಿಕೊಂಡರೆ ನನ್ನ ತಕರಾರಿಲ್ಲ. ಆದರೆ ಸ್ಕ್ರೂ ತಲೆ ಚರ್ಮದ ಕೆಳಗೇ ಇರುವಾಗ ಅದರ ಮೇಲೆ ಒತ್ತಿ ಉಜ್ಜಿಸಬೇಡಿ. ಆ ಜಾಗದಲ್ಲಿ ಮಾಂಸವೇ ಇಲ್ಲ, ಚರ್ಮ ಒಡೆದರೆ ಲೋಹದವರೆಗೆ ದಾರಿ ಸಿಕ್ಕಿತು ಅಂತಲೇ ಲೆಕ್ಕ. ಕ್ರಿಮಿಗಳೆಂಬ ಬೇಡದ ಅತಿಥಿಗಳಿಗೆ ಅಷ್ಟು ಸಾಕು.

ಭಯಗಳ ಕಥೆ ಇಷ್ಟು. ನಿಜವಾದ ಪ್ರಶ್ನೆ ಬೇರೆ. ರಾಡು, ಪ್ಲೇಟು ಮಾಡುವ ಕೆಲಸವಾದರೂ ಏನು? ಮೂಳೆಯನ್ನು ಕೂಡಿಸುವುದು ಅವಲ್ಲ, ಮೂಳೆ ತಾನೇ ಕೂಡಿಕೊಳ್ಳುತ್ತದೆ. ಸಿಮೆಂಟು ಗಟ್ಟಿಯಾಗುವ ತನಕ ಸೆಂಟ್ರಿಂಗ್ ನಿಲ್ಲಿಸುತ್ತಾರಲ್ಲ, ಅಷ್ಟೇ ಇದರ ಕೆಲಸ. ಮೂಳೆ ಗಟ್ಟಿಯಾದ ಮೇಲೆ ಭಾರದ ಹೆಚ್ಚಿನ ಪಾಲನ್ನು ಮೂಳೆಯೇ ಹೊರುತ್ತದೆ, ಲೋಹಕ್ಕೆ ಉಳಿಯುವುದು ಸ್ವಲ್ಪವೇ. ಮೂಳೆ ಕೂಡದೇ ಹೋದರೆ ಮಾತ್ರ ಹೆಜ್ಜೆಹೆಜ್ಜೆಗೂ ಬಾಗಿ ಬಾಗಿ ಲೋಹ ದಣಿದು ಕೊನೆಗೊಂದು ದಿನ ತುಂಡಾಗುತ್ತದೆ. ತಂತಿಯನ್ನು ಹಿಂದೆಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ. "ರಾಡೇ ಮುರೀತು, ಕಳಪೆ ಮಾಲು ಹಾಕಿದ್ದಾರೆ" ಎಂದು ಜಗಳಕ್ಕೆ ಬರುವವರಿಗೆ ನಾನು ಮೊದಲು ಕೇಳುವುದು ಮೂಳೆ ಕೂಡಿತ್ತಾ ಅಂತ.

ಸೆಂಟ್ರಿಂಗ್ ಆದರೆ ಬಿಚ್ಚಬೇಕಲ್ಲ ಅಂತ ನೀವು ಕೇಳಬಹುದು. ಇಲ್ಲೇ ಹೋಲಿಕೆ ಕೈಕೊಡುತ್ತದೆ. ಸೆಂಟ್ರಿಂಗ್ ಹಲಗೆಗೆ ಕಾಂಕ್ರೀಟು ಅಂಟಬಾರದು ಎಂದು ಎಣ್ಣೆ ಬಳಿಯುತ್ತಾರೆ. ಟೈಟಾನಿಯಂಗೆ ಮೂಳೆ ಅಂಟಿಕೊಂಡೇ ಬೆಳೆಯುತ್ತದೆ. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಕಾಲಿನ ಮೂಳೆಯೊಳಗೆ ರಕ್ತದ ಓಡಾಟ ನೋಡಲಿಕ್ಕೆಂದು ಒಂದು ಚಿಕ್ಕ ಟೈಟಾನಿಯಂ ಕವಚ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ, ಮೂಳೆ ಅದನ್ನು ಗಟ್ಟಿಯಾಗಿ ಹಿಡಿದುಬಿಟ್ಟಿತ್ತು. ಅವರು ಬುದ್ಧಿವಂತರು, ಅದನ್ನೇ ಉಪಯೋಗ ಮಾಡಿಕೊಂಡರು, 1965ರಲ್ಲಿ ಮೊದಲ ಸಲ ಒಬ್ಬ ರೋಗಿಯ ದವಡೆಗೆ ಟೈಟಾನಿಯಂ ಬೇರು ಕೂರಿಸಿದರು. ಇವತ್ತು ಊರೂರಲ್ಲಿ ಹಾಕುವ ಹಲ್ಲಿನ ಇಂಪ್ಲಾಂಟು ಹುಟ್ಟಿದ್ದು ಹಾಗೆ. ಹಲ್ಲಿನವರಿಗೆ ವರ ಆದ ಆ ಗುಣವೇ, ತೆಗೆಯಲು ಹೊರಟ ನಮ್ಮಂಥವರಿಗೆ ತಲೆನೋವು.

ನೀವು ಮಲೆನಾಡಿನವರು, ನೋಡಿರುತ್ತೀರಿ. ಬೇಲಿ ತಂತಿಯನ್ನು ಹಲಸಿನ ಮರಕ್ಕೆ ಹೊಡೆದು ಹತ್ತು ವರ್ಷ ಬಿಟ್ಟರೆ ಮರ ತಂತಿಯನ್ನು ನುಂಗಿರುತ್ತದೆ. ಪ್ಲೇಟಿನ ಮೇಲೆ ಮೂಳೆ ಹೀಗೇ ಹತ್ತುತ್ತದೆ. ಉಳಿ ಹಿಡಿದು ಕೆತ್ತಿ ಸ್ಕ್ರೂ ತಲೆ ಹುಡುಕಬೇಕು. ಸಿಕ್ಕಿದ ಮೇಲೆ ಅದು ತಿರುಗಬೇಕಲ್ಲ! ಈಗಿನ ಪ್ಲೇಟುಗಳಲ್ಲಿ ಸ್ಕ್ರೂ ತಲೆಗೂ ಥ್ರೆಡ್ ಇರುತ್ತದೆ, ಪ್ಲೇಟಿನ ರಂಧ್ರಕ್ಕೂ ಥ್ರೆಡ್ ಇರುತ್ತದೆ, ಎರಡೂ ಲಾಕ್ ಆಗುತ್ತವೆ. ಹಾಕುವಾಗ ಒಂಚೂರು ಓರೆಯಾಗಿದ್ದರೆ ಅಥವಾ ಜಾಸ್ತಿ ಬಿಗಿದಿದ್ದರೆ ಎರಡು ಲೋಹ ಒಂದೇ ಆದಂತೆ ಕಚ್ಚಿಕೊಳ್ಳುತ್ತವೆ. ಸ್ಕ್ರೂಡ್ರೈವರ್ ತಿರುಗಿಸಿದರೆ ತಲೆಯ ಆರು ಮೂಲೆಯ ಗುಳಿ ಸವೆದು ದುಂಡಗಾಗುತ್ತದೆ. ಮೆಕ್ಯಾನಿಕ್ಕುಗಳ ಭಾಷೆಯಲ್ಲಿ ಸ್ಲಿಪ್ ಆಗುವುದು.

ಒಂದು ಸಲ ಲಾರಿ ಕ್ಲೀನರ್ ಹುಡುಗನ ಮುಂಗೈ ಪ್ಲೇಟು ತೆಗೆಯಲು ನಿಂತೆ. ಏಳು ಸ್ಕ್ರೂ. ಐದು ಬೆಣ್ಣೆಯಂತೆ ಬಂದವು. ಅರ್ಧ ಗಂಟೆಯಲ್ಲಿ ಮುಗಿಸಿ ಕಾಫಿ ಕುಡಿಯುವ ಲೆಕ್ಕದಲ್ಲಿದ್ದೆ. ಆರನೆಯದು ಸ್ಲಿಪ್ ಆಯಿತು. ಉಲ್ಟಾ ಥ್ರೆಡ್ಡಿನ ಸಾಧನ ಹಾಕಿದರೆ ಅದರ ತುದಿಯೇ ಮುರಿದು ಒಳಗೆ ಉಳಿಯಿತು. ಕೊನೆಗೆ ಪ್ಲೇಟನ್ನೇ ಅಡ್ಡ ಕತ್ತರಿಸಬೇಕಾಯಿತು, ಲೋಹದ ಪುಡಿ ಗಾಯದೊಳಗೆ ಬೀಳದಂತೆ ಸಿಸ್ಟರ್ ಒಬ್ಬರು ಒಂದೇ ಸಮನೆ ಸಲೈನ್ ಹೊಯ್ಯುತ್ತ ನಿಂತಿದ್ದರು. ಎರಡೂವರೆ ಗಂಟೆ ಹಿಡಿಯಿತು. ಅಷ್ಟಾದರೂ ಒಂದು ಸ್ಕ್ರೂವಿನ ಬುಡ ಇವತ್ತಿಗೂ ಅವನ ಕೈಯಲ್ಲೇ ಇದೆ. ಆ ಪ್ಲೇಟಿನಿಂದ ಅವನಿಗೆ ಏನು ತೊಂದರೆ ಇತ್ತು ಗೊತ್ತಾ? ಏನೂ ಇಲ್ಲ. ಮದುವೆಗೆ ಮೊದಲು ತೆಗೆಸಿಬಿಡಿ ಎಂದು ಅವರಮ್ಮ ಹೇಳಿದ್ದರು, ನಾನೂ ಹೂಂ ಎಂದಿದ್ದೆ. ಆವತ್ತಿನಿಂದ ತೆಗೆಯುವ ಆಪರೇಷನ್ನನ್ನು ನಾನು 'ಸಣ್ಣದು' ಎಂದು ಯಾರಿಗೂ ಹೇಳಿಲ್ಲ.

ನಿಮ್ಮ ಯಜಮಾನರ ಕೈಯ ಬಗ್ಗೆ ನಾನು ಬೇಡ ಎಂದದ್ದು ಇದೊಂದಕ್ಕೇ ಅಲ್ಲ. ಹೆಬ್ಬೆರಳಿನ ಕಡೆಯ ಮೂಳೆಯ ಮೇಲ್ಭಾಗದಲ್ಲಿ, ಮೊಣಕೈ ಹತ್ತಿರ, ಬೆರಳುಗಳನ್ನು ಮೇಲೆತ್ತಿಸುವ ನರ ಮೂಳೆಯನ್ನು ಸುತ್ತಿಕೊಂಡು ಹೋಗುತ್ತದೆ. ಮೊದಲ ಆಪರೇಷನ್ನಿನಲ್ಲಿ ಅದು ಎಲ್ಲಿದೆ ಎಂದು ಸಲೀಸಾಗಿ ಕಾಣುತ್ತದೆ. ಎರಡನೇ ಸಲ ಎಲ್ಲವೂ ಕಲೆಗಟ್ಟಿ ಅಂಟಿಕೊಂಡಿರುತ್ತದೆ, ನರ ಯಾವುದು ನಾರು ಯಾವುದು ಎಂದು ಹುಡುಕಿ ಬಿಡಿಸಬೇಕು. ಅದಕ್ಕೆ ಪೆಟ್ಟಾದರೆ ಬೆರಳು ಚಾಚಲು ಆಗುವುದಿಲ್ಲ. ನೋವಿಲ್ಲದ ಕೈಗೆ ಈ ಅಪಾಯ ಯಾಕೆ?

ಎರಡನೆಯದು, ಮತ್ತೆ ಮುರಿಯುವುದು. ಪ್ಲೇಟು ಇದ್ದಷ್ಟು ದಿನ ಭಾರದ ಒಂದು ಪಾಲನ್ನು ಅದು ಹೊರುವುದರಿಂದ ಕೆಳಗಿನ ಮೂಳೆ ಸ್ವಲ್ಪ ಸೋಮಾರಿಯಾಗಿ ತೆಳುವಾಗುತ್ತದೆ. ಸ್ಟೀಲು ನಮ್ಮ ಮೂಳೆಗಿಂತ ಹತ್ತು ಪಟ್ಟು ಬಿರುಸು, ಟೈಟಾನಿಯಂ ಅದರ ಅರ್ಧ. ಪ್ಲೇಟು ತೆಗೆದ ದಿನ ಆ ತೆಳು ಮೂಳೆಯಲ್ಲಿ ಸಾಲಾಗಿ ಆರೇಳು ತೂತು ಉಳಿಯುತ್ತದೆ. ಸ್ಟ್ಯಾಂಪಿನ ಹಾಳೆಯಲ್ಲಿ ಹರಿಯಲಿಕ್ಕೆ ಅಂತ ತೂತು ಹೊಡೆದಿರುತ್ತಾರಲ್ಲ, ಹಾಗೆ. ಆ ತೂತು ತುಂಬಿಕೊಳ್ಳಲು ತಿಂಗಳುಗಟ್ಟಲೆ ಬೇಕು. ನಾನು ಪ್ಲೇಟು ತೆಗೆದ ಒಬ್ಬರು ಐದನೇ ವಾರದಲ್ಲಿ, "ಒಂದೇ ಒಂದು ಗೊಬ್ಬರದ ಚೀಲ ಎತ್ತಿದೆ ಸಾರ್" ಎಂದುಕೊಂಡು ಮುರಿದ ಕೈ ಹಿಡಿದು ಬಂದರು. ಹಳೇ ಸ್ಕ್ರೂ ತೂತಿನಲ್ಲೇ ಮುರಿದಿತ್ತು. ಮತ್ತೆ ಪ್ಲೇಟು ಹಾಕಿದೆವು, ಈ ಸಲ ಇನ್ನೂ ಉದ್ದದ್ದು. ಮುಂಗೈ ಪ್ಲೇಟು ತೆಗೆಯಲೇಬೇಕಾದರೆ ಹಾಕಿ ಎರಡು ವರ್ಷ ಆಗಿರಬೇಕು, ತೆಗೆದ ಮೇಲೆ ಮೂರು ತಿಂಗಳಾದರೂ ಭಾರ ಎತ್ತಬಾರದು, ದೋಟಿ ಹಿಡಿಯಬಾರದು. ಕೊಯ್ಲಿನ ಹೊತ್ತಿನಲ್ಲಿ ಇದನ್ನು ನಿಮ್ಮ ಮನೆಯಲ್ಲಿ ಯಾರು ಪಾಲಿಸುತ್ತಾರೆ ಹೇಳಿ.

ಎರಡೂ ಒಟ್ಟಿಗೆ ತೆಗೆಯೋಣ ಎಂದ ಡಾಕ್ಟರು ಮೋಸ ಮಾಡುತ್ತಿದ್ದಾರೆ ಎಂದೇನೂ ಅಲ್ಲ. ಒಂದೇ ಸಲ ಅರಿವಳಿಕೆ, ಒಂದೇ ಸಲ ಆಸ್ಪತ್ರೆ, ಆ ಲೆಕ್ಕ ಅವರದ್ದು. ವಯಸ್ಸು ಚಿಕ್ಕದಿದ್ದರೆ ತೆಗೆಯುವುದೇ ವಾಸಿ ಎನ್ನುವವರು ನಮ್ಮಲ್ಲಿ ಇದ್ದಾರೆ. ಅವರ ವಾದದಲ್ಲೂ ಹುರುಳಿದೆ. ಮುಂದೆಂದೋ ಮತ್ತೆ ಬಿದ್ದು ಪ್ಲೇಟಿನ ಅಂಚಿನಲ್ಲಿ ಮುರಿದರೆ, ಅಥವಾ 65ನೇ ವಯಸ್ಸಿಗೆ ಮೊಣಕಾಲು ಬದಲಾಯಿಸಬೇಕಾಗಿ ಬಂದರೆ, ಆಗ ಹಳೆಯ ಲೋಹ ಅಡ್ಡ ಬರುತ್ತದೆ, ಅಷ್ಟೊತ್ತಿಗೆ ಅದು ಇನ್ನೂ ಗಟ್ಟಿ ಕೂತಿರುತ್ತದೆ. ಸುಮ್ಮನೆ ಬಿಡುವುದಕ್ಕೂ ಒಂದು ಬೆಲೆ ಇದೆ. ಆದರೆ ಬರಬಹುದಾದ ತೊಂದರೆಗೆ ಹೆದರಿ ಇವತ್ತು ಖಂಡಿತ ಇರುವ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ, ನನ್ನ ಮನೆಯವರಾದರೂ ಇದೇ ಹೇಳುತ್ತಿದ್ದೆ.

ಕಾಲಿಗೆ ಬರೋಣ. ಮೂಳೆಯ ನಡುವಿನ ಟೊಳ್ಳಿಗೆ ರಾಡು ತೂರಿಸುವ ಉಪಾಯ ಜರ್ಮನಿಯ ಕುಂಚರ್ ಎಂಬವರದ್ದು, 1940ರ ಆಸುಪಾಸಿನದ್ದು. ಎರಡನೇ ಮಹಾಯುದ್ಧ ಮುಗಿದು ಜರ್ಮನಿಯಿಂದ ವಾಪಸಾದ ಸೈನಿಕರ ತೊಡೆಯ ಎಕ್ಸ್-ರೇಯಲ್ಲಿ ಉದ್ದದ ಲೋಹದ ಸರಳು ಕಂಡು ಬೇರೆ ದೇಶದ ಡಾಕ್ಟರುಗಳು ಬೆಚ್ಚಿಬಿದ್ದಿದ್ದರಂತೆ. ಇವತ್ತಿನ ರಾಡಿನಲ್ಲಿ ಮೇಲೆ ಕೆಳಗೆ ಅಡ್ಡ ಸ್ಕ್ರೂ ಇರುತ್ತವೆ, ಮೂಳೆ ತಿರುಚದಂತೆ, ಕುಗ್ಗದಂತೆ. ಕೆಳಗಿನ ಸ್ಕ್ರೂಗಳ ತಲೆ ಕೂರುವುದು ಕಾಲಿನ ಒಳಭಾಗದಲ್ಲಿ. ನಿಮ್ಮ ಕಾಲನ್ನೇ ಮುಟ್ಟಿ ನೋಡಿ, ಅಲ್ಲಿ ಚರ್ಮ ತೆಗೆದರೆ ಮೂಳೆ, ನಡುವೆ ಏನೂ ಇಲ್ಲ. ಸ್ಕ್ರೂ ತಲೆ ಎರಡು ಮಿಲಿಮೀಟರ್ ಮೇಲಿದ್ದರೂ ಗಂಬೂಟಿಗೆ ಗೊತ್ತಾಗುತ್ತದೆ. ಇದು ಲೋಹದ್ದೇ ತೊಂದರೆ, ಅಲ್ಲೇ ಇದೆ, ಬೆರಳಿಟ್ಟು ತೋರಿಸಬಹುದು. ಇಂಥದ್ದನ್ನು ತೆಗೆದರೆ ಸಮಾಧಾನ ಸಿಗುವ ಸಾಧ್ಯತೆ ಜಾಸ್ತಿ.

ಸ್ಕ್ರೂ ಮಾತ್ರ ತೆಗೆಯುವುದು ಸುಲಭ. ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೇ ಮಾಡಬಹುದು, ಒಂದೆರಡು ಸೆಂಟಿಮೀಟರಿನ ಸೀಳು, ಅದೇ ದಿನ ಮನೆಗೆ. ಆ ಜಾಗದಲ್ಲಿ ಓಡುವ ಒಂದು ಸಣ್ಣ ಸ್ಪರ್ಶದ ನರ ಮತ್ತು ರಕ್ತನಾಳದ ಬಗ್ಗೆ ಜಾಗ್ರತೆ ಬೇಕು, ಅಷ್ಟೇ. ಸಕ್ಕರೆ ಕಾಯಿಲೆ ಇದ್ದರೆ ಮೊದಲು ಹತೋಟಿಗೆ ತಂದುಕೊಳ್ಳಿ, ಬೀಡಿ ಸಿಗರೇಟು ಇದ್ದರೆ ನಿಲ್ಲಿಸಲಿ, ಆ ಭಾಗದ ಚರ್ಮ ವಾಸಿಯಾಗುವುದೇ ನಿಧಾನ. ಹೊಲಿಗೆ ಬಿಚ್ಚುವ ತನಕ ತೋಟದ ಕೆಸರಿಗೆ ಕಾಲಿಡುವ ಹಾಗಿಲ್ಲ.

ಇಡೀ ರಾಡು ತೆಗೆಯುವುದು ಬೇರೆ ಮಾತು. ಬೆನ್ನಿಗೆ ಇಂಜೆಕ್ಷನ್ ಕೊಡಬೇಕು, ಮೊಣಕಾಲಿನ ಮುಂದೆ ಹಳೆಯ ಕಲೆಯಲ್ಲೇ ಮತ್ತೆ ಬಿಡಿಸಿ, ರಾಡಿನ ತಲೆಯ ಮೇಲೆ ಬೆಳೆದ ಮೂಳೆ ಕೆತ್ತಿ, ಅದಕ್ಕೆ ಸರಿಯಾದ ಬೋಲ್ಟು ತಿರುಗಿಸಿ ಸುತ್ತಿಗೆಯಲ್ಲಿ ಹಿಮ್ಮುಖ ಹೊಡೆದು ಎಳೆಯಬೇಕು. ಕಂಪನಿ ಬದಲಾದರೆ ಬೋಲ್ಟೂ ಬದಲು. ಒಬ್ಬರದ್ದು ಇನ್ನೊಬ್ಬರಿಗೆ ಕೂರುವುದಿಲ್ಲ. ಕುಕ್ಕರುಗಾಲಿನ ನೋವು ಹೋಗುತ್ತದಾ? ಕೆಲವರಿಗೆ ಹೋಗುತ್ತದೆ, ಕೆಲವರಿಗೆ ಹಾಗೇ ಉಳಿಯುತ್ತದೆ, ಮೊದಲು ಇಲ್ಲದವರಿಗೆ ಹೊಸದಾಗಿ ಬಂದದ್ದೂ ಇದೆ. ಆ ನೋವಿಗೆ ರಾಡಿನ ತುದಿ ಒಂದೇ ಕಾರಣವಲ್ಲ, ಒಳಗೆ ಹೋಗಲು ಮಾಡಿದ ದಾರಿಯ ಕಲೆ, ಸೊರಗಿದ ತೊಡೆಯ ಮಾಂಸ ಎಲ್ಲ ಸೇರಿರುತ್ತದೆ. ಎಕ್ಸ್-ರೇಯಲ್ಲಿ ರಾಡಿನ ತಲೆ ಮೂಳೆಯಿಂದ ಹೊರಗೆ ಇಣುಕುತ್ತಿದ್ದರೆ ತೆಗೆಸುವ ಮಾತಿಗೆ ತೂಕ ಬರುತ್ತದೆ. ಒಳಗೆ ಹುದುಗಿದ್ದರೆ ಮೊದಲು ಮೂರು ತಿಂಗಳು ತೊಡೆಯ ವ್ಯಾಯಾಮ ಮಾಡಲಿ.

ಕಾಯದೆ ತೆಗೆಸಲೇಬೇಕಾದ ಸಂದರ್ಭಗಳೂ ಇವೆ, ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಕಲೆಯ ಹತ್ತಿರ ಒಂದು ಚಿಕ್ಕ ತೂತಾಗಿ ಕೀವು ಜಿನುಗುತ್ತಿದ್ದರೆ, ಎಷ್ಟು ಹನಿ ಎನ್ನುವುದು ಮುಖ್ಯವಲ್ಲ, ಒಳಗೆ ಲೋಹದ ಮೇಲೆ ಕ್ರಿಮಿಗಳು ಪಾಚಿಯಂತೆ ಪದರ ಕಟ್ಟಿವೆ ಎಂದು ಅರ್ಥ. ಆ ಪದರದೊಳಕ್ಕೆ ಮಾತ್ರೆಯ ಔಷಧಿ ಸರಿಯಾಗಿ ಹೋಗುವುದಿಲ್ಲ, ಲೋಹ ಇರುವ ತನಕ ಕೀವು ಬಂದುಹೋಗಿ ಮಾಡುತ್ತಲೇ ಇರುತ್ತದೆ. ಸ್ಕ್ರೂ ಹಿಂದಕ್ಕೆ ಸರಿದು ಚರ್ಮ ಚುಚ್ಚುತ್ತಿದ್ದರೆ, ಕೀಲಿನೊಳಗೆ ತುದಿ ಹೋಗಿದ್ದರೆ, ಆಗಲೂ ತೆಗೆಯಬೇಕು. ಮಕ್ಕಳಲ್ಲಿ ಮೂಳೆ ಬೆಳೆದು ಲೋಹವನ್ನು ನುಂಗುವ ಮೊದಲು ತೆಗೆಯುವುದೇ ಸಾಮಾನ್ಯ ರೂಢಿ, ಅವರಿಗೆ ಹಾಕುವ ಬಾಗುವ ತೆಳು ಸರಳುಗಳನ್ನು ಆರು ತಿಂಗಳಿಂದ ವರ್ಷದೊಳಗೆ ತೆಗೆಯುತ್ತೇವೆ. ಬೆರಳಿಗೆ, ಮಣಿಕಟ್ಟಿಗೆ ಹೊರಗೆ ತುದಿ ಕಾಣುವಂತೆ ಹಾಕಿದ ತಂತಿ ನಾಲ್ಕಾರು ವಾರಕ್ಕೇ ಹೊರಬರುತ್ತದೆ. ಇನ್ನು 70-75 ದಾಟಿದವರ ಸೊಂಟದ ಮೂಳೆಗೆ ಹಾಕಿದ್ದನ್ನು, ತೊಂದರೆ ಇಲ್ಲದಿದ್ದರೆ ಯಾರೂ ಮುಟ್ಟಬೇಡಿ, ತೆಗೆದ ಮೇಲೆ ಆ ಟೊಳ್ಳು ಮೂಳೆ ಮುರಿದುಕೊಂಡು ಬಂದವರಿದ್ದಾರೆ.

ಈಗ ನೀವು ಮಾಡಬೇಕಾದ ಕೆಲಸ. ಆಪರೇಷನ್ ಆದ ಆಸ್ಪತ್ರೆಗೆ ಹೋಗಿ ಕೇಸ್ ಶೀಟಿನಲ್ಲಿ ಅಂಟಿಸಿರುವ ಸ್ಟಿಕ್ಕರಿನ ಫೋಟೋ ತೆಗೆದುಕೊಳ್ಳಿ. ರಾಡಿನ ಡಬ್ಬಿ ತೆರೆದಾಗ ಸಿಸ್ಟರ್ ಅದನ್ನು ಕಿತ್ತು ಫೈಲಿಗೆ ಅಂಟಿಸಿರುತ್ತಾರೆ, ಕಂಪನಿ, ಅಳತೆ, ಲಾಟ್ ನಂಬರು ಎಲ್ಲ ಅದರಲ್ಲೇ ಇರುತ್ತದೆ. ಇವತ್ತು ಸ್ಕ್ರೂ ತೆಗೆಯುವವರಿಗೆ ಯಾವ ಡ್ರೈವರ್ ತರಿಸಬೇಕು ಎಂದು ಗೊತ್ತಾಗುವುದು ಆ ಚೀಟಿಯಿಂದ, ಇಪ್ಪತ್ತು ವರ್ಷದ ನಂತರವೂ ಅದೇ ಚೀಟಿ ಬೇಕು. ಫೈಲು ಅಷ್ಟು ವರ್ಷ ಯಾವ ಆಸ್ಪತ್ರೆಯಲ್ಲೂ ಉಳಿಯುವ ನಂಬಿಕೆ ಇಲ್ಲ, ನಿಮ್ಮ ಮೊಬೈಲಿನಲ್ಲಿ, ಮಗಳ ಮೊಬೈಲಿನಲ್ಲಿ ಎರಡೂ ಕಡೆ ಇರಲಿ.

ಆಮೇಲೆ ತೆಗೆಯುವ ಡಾಕ್ಟರನ್ನು ನೇರವಾಗಿ ಕೇಳಿ: ಸ್ಕ್ರೂ ಜಾಮ್ ಆದರೆ ಬೇಕಾಗುವ ಸೆಟ್ಟು ನಿಮ್ಮಲ್ಲಿ ಇದೆಯಾ, ಬರದೇ ಹೋದರೆ ಎಲ್ಲಿಗೆ ನಿಲ್ಲಿಸುತ್ತೀರಿ? ಕೇಳಿದರೆ ಬೇಜಾರು ಮಾಡಿಕೊಳ್ಳುವವರ ಹತ್ತಿರ ಮಾಡಿಸಬೇಡಿ. 60 ಸಾವಿರದಲ್ಲಿ ಏನೇನು ಸೇರಿದೆ ಕೇಳಿ, ಬರೀ ಸ್ಕ್ರೂ ಆದರೆ ಅಷ್ಟು ಆಗುವ ಕೆಲಸವಲ್ಲ. ವಿಮೆ ಇದ್ದರೆ ತೆಗೆಯುವುದಕ್ಕೂ ಕೊಡುತ್ತಾರಾ ಎಂದು ಮೊದಲೇ ಬರಹದಲ್ಲಿ ಪಡೆಯಿರಿ.

ತೆಗೆದ ಸ್ಕ್ರೂ ಮನೆಗೆ ಕೊಡುತ್ತಾರಾ ಎಂದು ಎಲ್ಲರೂ ಕೇಳುತ್ತಾರೆ, ನೀವೂ ಕೇಳುತ್ತೀರಿ. 2016ರ ಆಸ್ಪತ್ರೆ ತ್ಯಾಜ್ಯದ ನಿಯಮದಲ್ಲಿ ಮೈಯೊಳಗಿನ ಲೋಹ ನೀಲಿ ಡಬ್ಬಿಗೆ ಸೇರಬೇಕು ಎಂದಿದೆ. ಆದರೂ ತೊಳೆದು ಕೊಡಿ ಎಂದು ಹಟ ಹಿಡಿಯುವವರು ಇದ್ದಾರೆ. ನನ್ನ ಹಳೇ ಪೇಷಂಟ್ ಒಬ್ಬರ ಟ್ರ್ಯಾಕ್ಟರ್ ಕೀ ಗೊಂಚಲಲ್ಲಿ ಅವರದ್ದೇ ಸ್ಕ್ರೂ ನೇತಾಡುತ್ತದೆ, ಗುಜರಿಯವನು ಐದು ರೂಪಾಯಿ ಕೊಡ್ತೀನಿ ಅಂದನಂತೆ.

ಅಷ್ಟರೊಳಗೆ ಒಂದು ಪ್ರಯೋಗ ಮಾಡಿ. ದಪ್ಪ ಸ್ಪಂಜಿನಲ್ಲಿ ಬಳೆಯ ಹಾಗೆ ಒಂದು ಉಂಗುರ ಕತ್ತರಿಸಿ, ಸ್ಕ್ರೂ ತಲೆ ನಡುವಿನ ತೂತಿನಲ್ಲಿ ಬರುವಂತೆ ಕಾಲಿಗೆ ಇಟ್ಟು, ಮೇಲೆ ಕಾಲುಚೀಲ ಹಾಕಿ, ಆಮೇಲೆ ಒಂದು ಸೈಜು ದೊಡ್ಡ ಗಂಬೂಟು ಹಾಕಿಕೊಳ್ಳಲಿ. ಎರಡು ವಾರ ನೋಡಿ. ಉಜ್ಜುವುದು ನಿಂತು ಅವರಿಗೆ ಅಷ್ಟೇ ಸಾಕು ಅನ್ನಿಸಿದರೆ ಯಾವ ಆಪರೇಷನ್ನೂ ಬೇಡ. ನಿಲ್ಲದಿದ್ದರೆ ಹೊಸ ಎಕ್ಸ್-ರೇ ಮಾಡಿಸಿಕೊಂಡು ಡಾಕ್ಟರ ಹತ್ತಿರ ಹೋಗಿ. ಫಿಲಂ ತನ್ನಿ, ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಿನಲ್ಲಿ ತೆಗೆದ ಫೋಟೋ ಬೇಡ, ಅದರಲ್ಲಿ ಮೂಳೆಗಿಂತ ಫ್ಯಾನಿನ ನೆರಳೇ ಜಾಸ್ತಿ ಕಾಣುತ್ತದೆ.